ಮಗಳ ಅತ್ತಿ ಮರ: ಮಳೆಗೆ ಮುಂಚೆ ಟೊಂಗೆ ಕಡಿಸುವುದೋ ಬಿಡುವುದೋ?

ತೋಟದಂಚು, ಶಿರಸಿ

ನಮ್ಮದು ಶಿರಸಿ ತಾಲ್ಲೂಕಿನ ಹಳ್ಳಿ. ಮನೆಯಿಂದ ಅಡಿಕೆ ತೋಟಕ್ಕೆ ಇಳಿಯುವಲ್ಲಿ, ಹಳ್ಳದ ದಂಡೆ ಮೇಲೆ ಒಂದು ಹಳೇ ಅತ್ತಿ ಮರ ಇದೆ. ಮೂರನೇ ಕ್ಲಾಸಿನ ಮಗಳಿಗೆ ಆ ಮರ ಅಂದ್ರೆ ಪ್ರಾಣ. ಶಾಲೆಯಿಂದ ಬಂದು ಚೀಲ ಜಗಲಿ ಮೇಲೆ ಒಗೆದವಳು ಸೀದಾ ಅಲ್ಲಿಗೇ ಹೋಗುತ್ತಾಳೆ. ಮಾವಿನ ಮರದಲ್ಲಿ ಕಾಯಿ ಮೇಲೆಲ್ಲೋ ಇರುತ್ತದೆ, ಮಕ್ಕಳಿಗೆ ಎಟಕುವುದಿಲ್ಲ. ಅತ್ತಿ ಹಾಗಲ್ಲ. ಬೊಡ್ಡೆಗೇ ಗೊಂಚಲು ಗೊಂಚಲಾಗಿ ಕಾಯಿ ಬಿಡುವುದರಿಂದ ಅಲ್ಲಿ ನಡೆಯುವ ಎಲ್ಲವೂ ಅವಳ ಕಣ್ಣಿನ ಮಟ್ಟಕ್ಕೇ ನಡೆಯುತ್ತದೆ. ಯಾರ್ಯಾರು ಬಂದರು, ಏನು ತಿಂದರು ಎಂದು ಹಳೇ ಪಟ್ಟಿಯಲ್ಲಿ (ನೋಟ್‌ಬುಕ್ಕಿನಲ್ಲಿ) ಬರೆದಿಡುತ್ತಾಳೆ. ಕುಟ್ರು ಹಕ್ಕಿ, ಪಿಕಳಾರ, ಹೊನ್ನಕ್ಕಿ, ಗಿಳಿ, ಕೆಂಜಳಿಲು, ರಾತ್ರಿ ಬಾವಲಿ. ಒಮ್ಮೆ ಬೆಳಗಿನ ಜಾವ ಬಿದ್ದ ಹಣ್ಣು ತಿನ್ನಲು ಬರ್ಕ ಎಂಬ ಪುಟ್ಟ ಜಿಂಕೆ ಬಂದಿತ್ತಂತೆ. ಅಜ್ಜನೂ ನೋಡಿದ್ದಾರೆ, ಹಾಗಾಗಿ ನಿಜ ಇರಬೇಕು.

ಈಗ ವಿಷಯ. ಮರದ ಒಂದು ದಪ್ಪ ಟೊಂಗೆ ಕೊಟ್ಟಿಗೆಯ ಮಾಡಿನ ಮೇಲೆ ಚಾಚಿದೆ. ಬುಡದ ಹತ್ತಿರ ಪೊಟರೆ ಬಿದ್ದಿದೆ, ತುದಿಯಲ್ಲಿ ಮಾತ್ರ ಸೊಪ್ಪು ಕಿಕ್ಕಿರಿದಿದೆ. ಮಳೆ ಹಿಡಿಯುವ ಮೊದಲು ಬುಡಕ್ಕೇ ಕಡಿಸಿಬಿಡೋಣ ಎಂದು ಮನೆಯಲ್ಲಿ ತೀರ್ಮಾನವಾಯಿತು. ಮರ ಹತ್ತುವವರು ಬರುವ ವಾರ ಬರುತ್ತಾರೆ. ಮಗಳು ಒಪ್ಪುತ್ತಿಲ್ಲ. ಅವಳು ಕೊಡುವ ಕಾರಣ: "ಪೊಟರೆ ಒಳಗೆ ಹಕ್ಕಿ ಇದ್ದು, ಬಾಗಿಲು ಹಾಕ್ಕೊಂಡಿದ್ದು. ಹೊರಗಿನ ಹಕ್ಕಿ ಬಂದು ಬಾಯಿಗೆ ಹಣ್ಣು ಕೊಡ್ತು." ನಾನು ಹೋಗಿ ನೋಡಿದೆ. ದೊಡ್ಡ ಕೊಕ್ಕಿನ ಬೂದು ಹಕ್ಕಿಯೊಂದು ಪೊಟರೆಗೆ ಆತು ಕೂತಿದ್ದು ಕಂಡಿತು, ಅಷ್ಟರಲ್ಲಿ ಹಾರಿಹೋಯಿತು. ಇದು ಮಂಗಟ್ಟೆಯೇ (ಹಾರ್ನ್‌ಬಿಲ್)? ಹೌದಾದರೆ ಟೊಂಗೆಯ ಗತಿ ಏನು? ತಿಳಿದವರು ಹೇಳಿ, ಸಮಯ ಕಡಿಮೆ ಇದೆ.

ಜೋಯಿಡಾ ದಾರಿ

ಮೊದಲು ಆ ಮರ ಹತ್ತುವವರಿಗೆ ಫೋನ್ ಮಾಡಿ ಬರಬೇಡಿ ಎನ್ನಿ, ಉಳಿದದ್ದು ಆಮೇಲೆ.

ನಿಮ್ಮ ಮಗಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ, ಅದು ಮಂಗಟ್ಟೆ. ಹೆಣ್ಣು ಪೊಟರೆಯೊಳಗೆ ಹೋಗಿ ತನ್ನ ಹಿಕ್ಕೆ, ತಿಂದುಳಿದ ಹಣ್ಣಿನ ಜಿಗುಟು ಎಲ್ಲ ಮೆತ್ತಿ ಬಾಯಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಮೊಟ್ಟೆ ಇಡುವುದು, ಕಾವು ಕೊಡುವುದು, ಗರಿ ಉದುರಿಸಿ ಹೊಸದು ಬೆಳೆಸಿಕೊಳ್ಳುವುದು, ಎಲ್ಲಾ ಒಳಗೇ. ಅಷ್ಟೂ ದಿನ ಗಂಡೇ ಹಣ್ಣು, ಹುಳು ತಂದು ಕೊಡಬೇಕು. ಗಂಡಿಗೆ ಏನಾದರೂ ಆದರೆ ಒಳಗಿದ್ದವರಿಗೂ ಉಳಿಗಾಲವಿಲ್ಲ.

ನಮ್ಮ ಜಿಲ್ಲೆಯಲ್ಲಿ ನಾಲ್ಕು ಜಾತಿಯ ಮಂಗಟ್ಟೆ ಇವೆ. ದಾಂಡೇಲಿ ಕಡೆ ನಾಲ್ಕೂ ಕಾಣಸಿಗುತ್ತವೆ. ಕಾಳಿ ನದಿ ದಂಡೆಯ ಕಾಡನ್ನು 2011ರಲ್ಲಿ ಮಂಗಟ್ಟೆಗಳಿಗಾಗಿಯೇ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. ದೊಡ್ಡ ಮಂಗಟ್ಟೆಗೂ ಮಲಬಾರ್ ಕಪ್ಪು ಬಿಳಿ ಮಂಗಟ್ಟೆಗೂ ಕೊಕ್ಕಿನ ಮೇಲೆ ಇನ್ನೊಂದು ಕೊಂಬು ಕೂತಿರುತ್ತದೆ. ಶಿರಸಿ ತೋಟದಂಚಿನಲ್ಲಿ, ಬೂದು ಬಣ್ಣ ಎಂದರೆ ಮಲಬಾರ್ ಬೂದು ಮಂಗಟ್ಟೆ ಇರಬೇಕು. ಅದಕ್ಕೆ ಕೊಂಬಿಲ್ಲ. ಗಂಡಿನ ಕೊಕ್ಕು ಕೆಂಪು ಕಿತ್ತಳೆ, ತುದಿ ಹಳದಿ. ಗಹಗಹಿಸಿ ನಗುವ ದನಿ, ಒಮ್ಮೆ ಕೇಳಿದರೆ ಮರೆಯುವ ಹಾಗಿಲ್ಲ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಹಕ್ಕಿ ಅದು.

ಮಗಳಿಗೆ ಒಂದು ಕೆಲಸ ಕೊಡಿ. ಗಂಡು ಬಂದಾಗ ಕೊಕ್ಕು ಬರಿದಾಗಿ ಕಾಣಬಹುದು. ಆದರೆ ಗಂಟಲು ಉಬ್ಬಿರುತ್ತದೆ. ಕತ್ತು ಕೊಡವಿ ಒಂದು ಹಣ್ಣನ್ನು ಕೊಕ್ಕಿನ ತುದಿಗೆ ತರುತ್ತದೆ, ಸೀಳಿನಲ್ಲಿ ಕೊಡುತ್ತದೆ, ಮತ್ತೆ ಕೊಡವಿ ಇನ್ನೊಂದು. ಒಂದು ಸಲ ಬಂದರೆ ಎಷ್ಟು ಹಣ್ಣು ಕೊಟ್ಟಿತು ಎಂದು ಎಣಿಸಲಿ. ಆದರೆ ಮರದ ಬುಡದಲ್ಲಿ ನಿಲ್ಲಬಾರದು. ಜನ ಕಂಡರೆ ಗಂಡು ದೂರದಲ್ಲೇ ಕೂತು ಕಾಯುತ್ತದೆ, ಒಳಗಿನವರು ಹಸಿದಿರುತ್ತಾರೆ. ಜಗಲಿಯಿಂದ ನೋಡುವುದೇ ಸರಿ. ಊರ ಹೆಸರು, ಮರದ ಫೋಟೋ ಎಲ್ಲೂ ಹಾಕಬೇಡಿ. ಕ್ಯಾಮೆರಾ ಹಿಡಿದವರು ಸಾಲಾಗಿ ಬಂದು ನಿಂತರೆ ಗೂಡು ಕೆಟ್ಟಂತೆಯೇ.

ಕೊಟ್ಟಿಗೆ ಮಾಡು

ಹಕ್ಕಿ ಪ್ರೀತಿ ಇರಲಿ, ಬೇಡ ಎನ್ನುವುದಿಲ್ಲ. ಆದರೆ ಕೊಟ್ಟಿಗೆಯಲ್ಲಿ ದನ ಇವೆ, ಹಾಲು ಕರೆಯಲು ದಿನಕ್ಕೆರಡು ಸಲ ಮನೆಯವರು ಅಲ್ಲೇ ಕೂರುತ್ತಾರೆ. ಮೇ ತಿಂಗಳ ಗುಡುಗು ಮಳೆಯ ಗಾಳಿ ಜೂನ್ ಮಳೆಗಿಂತ ಕೆಟ್ಟದ್ದು. ಒಣ ನೆಲ, ಒಮ್ಮೆಲೇ ಬೀಸುವ ಗಾಳಿ, ಪೊಟರೆ ಬಿದ್ದ ಟೊಂಗೆ. ನಮ್ಮ ಕೇರಿಯಲ್ಲಿ ಹೀಗೇ ಒಂದು ಟೊಂಗೆ ಮುರಿದು ಗಬ್ಬದ ಎಮ್ಮೆ ಸತ್ತಿತು. ಮಗು ಆಡುವ ಜಾಗ ಎಂದು ನೀವೇ ಬರೆದಿದ್ದೀರಿ. ನಾನಾದರೆ ಈ ವಾರವೇ ಕಡಿಸುತ್ತಿದ್ದೆ.

ಅರಣ್ಯ ವಿದ್ಯಾರ್ಥಿನಿ, ಶಿರಸಿ

ಮೇಲಿನವರ ಆತಂಕ ನ್ಯಾಯವಾದದ್ದೇ. ಆದರೆ "ಪೂರ್ತಿ ಕಡಿ" ಮತ್ತು "ಮುಟ್ಟಲೇಬೇಡ" ಇವೆರಡರ ನಡುವೆ ಇನ್ನೊಂದು ದಾರಿ ಇದೆ.

ಟೊಂಗೆ ಮುರಿಯುವುದು ಪೊಟರೆಯೊಂದರಿಂದಲೇ ಅಲ್ಲ. ತುದಿಯ ಭಾರ ಬುಡವನ್ನು ಜಗ್ಗುತ್ತದೆ. ಗಾಳಿ ಹಿಡಿಯುವುದೂ ತುದಿಯ ಸೊಪ್ಪನ್ನೇ. ತುದಿಯ ಕವಲುಗಳನ್ನು ತೆಗೆದು ಟೊಂಗೆಯನ್ನು ಗಿಡ್ಡ ಮಾಡಿದರೆ ಬುಡದ ಮೇಲಿನ ಎಳೆತ ಬಹಳಷ್ಟು ಇಳಿಯುತ್ತದೆ, ಪೊಟರೆಯೂ ಉಳಿಯುತ್ತದೆ. ಹಗ್ಗ ಕಟ್ಟಿ, ಒಂದೊಂದೇ ಕವಲು ಇಳಿಸಿ ಕಡಿಯಬೇಕು. ಒಂದೇ ಏಟಿಗೆ ಬೀಳಿಸಿದರೆ ಅದರ ಜಗ್ಗಿಗೇ ಸೀಳು ಬರುತ್ತದೆ. ಪೊಟರೆಗೆ ಸಿಮೆಂಟ್ ತುಂಬುವ ಪದ್ಧತಿ ಹಿಂದೆ ಇತ್ತು, ಅದನ್ನಂತೂ ಯಾರು ಹೇಳಿದರೂ ಮಾಡಬೇಡಿ. ನೀರು ಒಳಗೇ ನಿಂತು ಕೊಳೆತ ಹೆಚ್ಚುತ್ತದೆ. ಆದರೆ ಟೊಂಗೆ ಬುಡದಲ್ಲಿ ಹೊಸ ಬಿರುಕು ಕಂಡರೆ, ಅಥವಾ ತುದಿ ಮೊದಲಿಗಿಂತ ಕೆಳಗೆ ಬಾಗಿದ್ದರೆ, ಕಾಯುವ ಹಾಗಿಲ್ಲ. ಅರಣ್ಯ ಇಲಾಖೆಯವರನ್ನು ಕರೆಸಿ ಅವರೆದುರೇ ಮುಂದಿನದು ತೀರ್ಮಾನವಾಗಲಿ. ಮರ ಬೆಟ್ಟದ ಜಾಗದಲ್ಲಿದ್ದರೂ ಅವರನ್ನೇ ಕೇಳಬೇಕು, ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಸೊಪ್ಪಿನಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕು (ಒಣ ಎಲೆ) ತರುವ ಹಕ್ಕು. ಗೂಡು, ಮೊಟ್ಟೆ, ಮರಿಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ.

ಈಗ ನನ್ನನ್ನು ತುಂಬಾ ಕಾಡುವ ವಿಷಯ ಹೇಳುತ್ತೇನೆ. ನಮ್ಮಲ್ಲಿ ಟೊಂಗೆ ಸವರುವ ಕಾಲವೂ ಮಂಗಟ್ಟೆ ಮರಿ ಮಾಡುವ ಕಾಲವೂ ಒಂದೇ. ಜನವರಿ, ಫೆಬ್ರವರಿ ಹೊತ್ತಿಗೆ ಹೆಣ್ಣು ಒಳಗೆ ಹೋದರೆ ಮರಿ ಹಾರುವಾಗ ಏಪ್ರಿಲ್ ಕೊನೆ, ಮೇ ಆಗಿರುತ್ತದೆ. ನಾವು ಮಳೆಗಾಲದ ತಯಾರಿ ಎಂದು ಕತ್ತಿ ಹಿಡಿಯುವುದೂ ಸರಿಯಾಗಿ ಆಗಲೇ. ಕುಟ್ರು ಹಕ್ಕಿ, ಮರಕುಟಿಗ ತಾವೇ ಕೊರೆದು ಗೂಡು ಮಾಡಿಕೊಳ್ಳುತ್ತವೆ. ಮಂಗಟ್ಟೆಗೆ ಅಷ್ಟು ದೊಡ್ಡ ಕೊಕ್ಕಿದ್ದರೂ ಕೊರೆಯಲು ಬರುವುದಿಲ್ಲ. ಟೊಂಗೆ ಮುರಿದು, ಕೊಳೆತು ತಾನಾಗಿ ಆದ ಪೊಟರೆಯೇ ಬೇಕು. ಅಂಥದು ಆಗಲು ಎಷ್ಟೋ ವರ್ಷ ಹಿಡಿಯುತ್ತದೆ. ಸಿಕ್ಕಿದ ಒಳ್ಳೆ ಪೊಟರೆಗೆ ವರ್ಷ ವರ್ಷವೂ ತಿರುಗಿ ಬರುತ್ತವೆ. ಹತ್ತು ಅತ್ತಿ ಸಸಿ ನೆಟ್ಟರೂ ಈ ಒಂದು ಟೊಂಗೆಗೆ ಸಾಟಿಯಾಗಲು ನಿಮ್ಮ ಮಗಳಿಗೆ ಮೊಮ್ಮಕ್ಕಳಾಗಬೇಕು. ಕಡಿಸುವ ಮಾತು ಬಂದಾಗ ಮನೆಯವರಿಗೆ ಇದನ್ನು ಹೇಳಿ.

ಹೊನ್ನೆ ನೆರಳು, ಕಾರವಾರ

ಓದುತ್ತಾ ನನ್ನ ಮರ ನೆನಪಾಯಿತು. ನಮ್ಮದು ಕಾರವಾರ ಅಂಕೋಲೆ ನಡುವಿನ ಕಡಲ ಕರೆಯ ಊರು. ರಸ್ತೆ ಬದಿ ದೊಡ್ಡ ಹೊನ್ನೆ ಮರ ಇತ್ತು, ಕೊಂಕಣಿಯಲ್ಲಿ ಉಂಡಿ ಅನ್ನುತ್ತೇವೆ. ದಪ್ಪ ಹೊಳೆಯುವ ಎಲೆ, ಬಿಳಿ ಹೂವು, ಗೋಲಿಯಂಥ ಕಾಯಿ. ಬಾವಲಿಗಳು ರಾತ್ರಿ ಬಂದು ಮೇಲಿನ ತಿರುಳು ಕೆರೆದು ತಿಂದು ಬೀಜ ಉದುರಿಸುತ್ತಿದ್ದವು. ಬೆಳಿಗ್ಗೆ ನಾವು ಮಕ್ಕಳು ಬುಟ್ಟಿ ಹಿಡಿದು ಓಡುತ್ತಿದ್ದೆವು. ಹಿಂದೆ ಅದರ ಎಣ್ಣೆಯಲ್ಲೇ ದೀಪ ಹಚ್ಚುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದಳು. ಅದರಾಚೆಯ ಎತ್ತರದ ಮಾವಿನ ಮರದಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದಿನ ಗೂಡು. ಆ ಹದ್ದೂ ಹಳೇ ಗೂಡಿಗೇ ಕಡ್ಡಿ ಸೇರಿಸುತ್ತಾ ಹೋಗುತ್ತದೆ. ಕೆಳಗೆ ಮೀನಿನ ಮುಳ್ಳು ಮಾತ್ರ ಅಲ್ಲ, ಕಡಲ ಹಾವಿನ ಎಲುಬೂ ಬಿದ್ದಿರುತ್ತಿತ್ತು.

ಹೆದ್ದಾರಿ ಚತುಷ್ಪಥ ಮಾಡುವಾಗ ಎರಡೂ ಹೋದವು. ರಸ್ತೆ ಬೇಡ ಎನ್ನುವವನು ನಾನಲ್ಲ, ದಿನಾ ಅದರ ಮೇಲೇ ಓಡಾಡುತ್ತೇನೆ. ಆದರೆ ಯಾವ ಮರದಲ್ಲಿ ಯಾರಿದ್ದಾರೆ ಎಂದು ಕಡಿಯುವ ಮೊದಲು ಒಬ್ಬರೂ ತಲೆ ಎತ್ತಿ ನೋಡಲಿಲ್ಲ, ಗೂಡು ಖಾಲಿಯಾಗುವವರೆಗೆ ಕಾಯಿರಿ ಎಂದವರ ಮಾತಿಗೆ ಬೆಲೆ ಸಿಗಲಿಲ್ಲ. ನಿಮ್ಮ ಮನೆಯಲ್ಲಿ ನೋಡಲು ಒಬ್ಬಳಿದ್ದಾಳೆ. ಅವಳ ಮಾತು ಕೇಳಿ.

ಆಶಾ ಕಾರ್ಯಕರ್ತೆ, ಸಿದ್ದಾಪುರ ಕಡೆ

ಮರದ ಮಾತಿನ ಮಧ್ಯೆ ಆರೋಗ್ಯದ ಮಾತು, ಬೇಸರಿಸಬೇಡಿ. ಮಗು ದಿನವೂ ಒಣ ದರಕಿನ ಮೇಲೆ ಕೂರುತ್ತದೆ ಎಂದರೆ ಉಣುಗಿನ ಬಗ್ಗೆ ಹೇಳಲೇಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ನಮ್ಮ ಸಿದ್ದಾಪುರ, ಹೊನ್ನಾವರ, ಶಿರಸಿ ಭಾಗಕ್ಕೂ ಬಂದದ್ದು. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಅದರ ಕಾಲ. ಅತ್ತಿ ಹಣ್ಣಿಗೆ ಮಂಗ ಬಂದೇ ಬರುತ್ತವೆ.

ಮರಕ್ಕೆ ಹೋಗುವಾಗ ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿಸಿ. ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ತೈಲ ಕೊಡುತ್ತಾರೆ, ಮಗುವಿಗೆ ಹೇಗೆ ಹಚ್ಚಬೇಕೆಂದು ಅಲ್ಲೇ ಕೇಳಿಕೊಳ್ಳಿ. ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿಸಿ, ಕಿವಿ ಹಿಂದೆ, ಕಂಕುಳು, ಮಂಡಿ ಸಂದು ನೋಡಿ. ಸುತ್ತಮುತ್ತ ಸತ್ತ ಮಂಗ ಕಂಡರೆ ಮುಟ್ಟದೆ ತಕ್ಷಣ ತಿಳಿಸಿ. ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಯಬೇಡಿ. ಬಾವಲಿ ಕಚ್ಚಿ ಬಿಟ್ಟ ಹಣ್ಣು ತಿನ್ನಬಾರದು ಎಂದೂ ಹೇಳಿಕೊಡಿ. ಇಷ್ಟು ಮಾಡಿಕೊಂಡು ಧೈರ್ಯವಾಗಿ ಬಿಡಿ, ಮರದಿಂದ ಮಗುವನ್ನು ದೂರ ಇಡಬೇಡಿ.

ಅಜ್ಜಿಮನೆ ಜಗಲಿ

ಅತ್ತಿ ಎಂದರೆ ಔದುಂಬರ, ದತ್ತಾತ್ರೇಯನ ಮರ. ಹೋಮಕ್ಕೆ ಸಮಿತ್ತು ಬೇಕಾದರೆ ಒಣ ಕಡ್ಡಿ ಆರಿಸಿ ತರುತ್ತಿದ್ದೆವೇ ಹೊರತು ಹಸಿ ಮರಕ್ಕೆ ಕತ್ತಿ ತಾಗಿಸುತ್ತಿರಲಿಲ್ಲ. ಹಳ್ಳದ ದಂಡೆಯ ಅತ್ತಿ ಕಡಿದರೆ ನೀರು ಬತ್ತುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಆ ಬೇರು ದಂಡೆ ಹಿಡಿದಿರುವುದಂತೂ ಕಣ್ಣಿಗೇ ಕಾಣುತ್ತದೆ ತಂಗಿ. ತುದಿ ಸವರಿಸು, ಬುಡ ಮುಟ್ಟಬೇಡ.

ಮೇಷ್ಟ್ರು, ಕುಮಟಾ

ಆ ಪಟ್ಟಿಯ ಬಗ್ಗೆ ಎರಡು ಮಾತು. ದಯವಿಟ್ಟು ಅದನ್ನು "ಪ್ರಾಜೆಕ್ಟ್" ಮಾಡಬೇಡಿ. ಅಂಕ, ಬಹುಮಾನ ಏನೂ ಬೇಡ. ತಾರೀಕು ಹಾಕುವುದೊಂದನ್ನು ರೂಢಿ ಮಾಡಿಸಿ, ಸಾಕು. ಎಲೆ ಯಾವಾಗ ಉದುರಿತು, ಚಿಗುರು ಯಾವಾಗ, ಕಾಯಿ ಯಾವಾಗ ಕೆಂಪಾಯಿತು. ಒಂದೇ ಮರವನ್ನು ವಾರವಾರ ನೋಡಿ ಬರೆಯುವ ಸೀಸನ್‌ವಾಚ್ ಎಂಬ ಕಾರ್ಯಕ್ರಮ ದೇಶದಲ್ಲಿ ನಡೆಯುತ್ತಿದೆ, ಶಾಲಾ ಮಕ್ಕಳೂ ಸೇರಬಹುದು. ಅವಳಿಗೆ ಇಷ್ಟವಿದ್ದರೆ ಮಾತ್ರ.

ಇನ್ನೊಂದು, ಅತ್ತಿಕಾಯಿಯ ಒಳಗನ್ನು ತೋರಿಸಿದ್ದೀರಾ? ಹಣ್ಣಾಗುವ ಹಂತದ ಕಾಯೊಂದನ್ನು ಬ್ಲೇಡಿನಿಂದ ನೀವೇ ಸೀಳಿ, ಬಿಳಿ ಬಟ್ಟೆಯ ಮೇಲಿಟ್ಟು ಮಸೂರ ಕೊಡಿ. ನಾವು ಕಾಯಿ ಅನ್ನುವುದು ಒಂದು ಚೀಲ, ಹೂವುಗಳೆಲ್ಲ ಒಳಮುಖವಾಗಿ ಅರಳಿರುತ್ತವೆ. ತುದಿಯ ಚಿಕ್ಕ ರಂಧ್ರದಿಂದ ಹೆಣ್ಣು ಕಣಜ ನುಸುಳುತ್ತದೆ. ದಾರಿ ಎಷ್ಟು ಇಕ್ಕಟ್ಟೆಂದರೆ ರೆಕ್ಕೆ ಹರಿದುಹೋಗುತ್ತದೆ. ಒಳಗೆ ಹೂವಿಗೆ ಪರಾಗ ಹಚ್ಚಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಅದರ ಮಕ್ಕಳಲ್ಲಿ ಮೊದಲು ಹೊರಬರುವುದು ರೆಕ್ಕೆಯಿಲ್ಲದ ಗಂಡುಗಳು. ಅವು ಜೊತೆಗೂಡಿ, ಗೋಡೆ ಕೊರೆದು ದಾರಿ ಮಾಡಿಕೊಟ್ಟು ಜೀವ ಬಿಡುತ್ತವೆ. ಹೆಣ್ಣುಗಳು ಆ ದಾರಿಯಲ್ಲಿ ಪರಾಗ ಹೊತ್ತು ಹಾರುತ್ತವೆ. ಒಂದೆರಡು ದಿನದ ಆಯುಸ್ಸಿನಲ್ಲಿ ಇನ್ನೊಂದು ಅತ್ತಿ ಮರದ ಎಳೆಗಾಯಿ ಹುಡುಕಬೇಕು. ಅದಕ್ಕೇ ಸೀಮೆಯಲ್ಲಿ ಅತ್ತಿ ಒಂದೇ ಇದ್ದರೆ ಸಾಲದು, ಬೇರೆ ಬೇರೆ ಹೊತ್ತಿಗೆ ಕಾಯಿ ಬಿಡುವ ಹಲವು ಮರ ಬೇಕು. ಹಾಗೆ ಬಿಡುವುದರಿಂದಲೇ ಬೇರೆ ಹಣ್ಣಿಲ್ಲದ ಕಾಲದಲ್ಲೂ ಮಂಗಟ್ಟೆ, ಕುಟ್ರು, ಹಸಿರು ಪಾರಿವಾಳಕ್ಕೆ ಎಲ್ಲಾದರೂ ಒಂದು ಅತ್ತಿಯೋ ಆಲವೋ ಬಸರಿಯೋ ಸಿಗುತ್ತದೆ.

ಅದೇ ಕಾಯಿಯ ಮೇಲೆ ಚಗಳಿ ಇರುವೆ ಕಾದು ನಿಂತಿರುತ್ತದೆ, ಹೊರಬಂದ ಕಣಜ ಹಿಡಿಯಲು. ಚಗಳಿ ಗೂಡು ಕಟ್ಟುವುದನ್ನೂ ತೋರಿಸಿ. ದೊಡ್ಡವು ಸಾಲಾಗಿ ನಿಂತು ಎರಡು ಎಲೆಯಂಚು ಎಳೆದು ಹಿಡಿಯುತ್ತವೆ, ಇನ್ನೊಂದು ತನ್ನ ಬಾಯಲ್ಲಿ ಮರಿಹುಳವನ್ನು ಕಚ್ಚಿಕೊಂಡು ಅದರ ಬಾಯಿಂದ ಬರುವ ರೇಷ್ಮೆಯಲ್ಲಿ ಹೊಲಿಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಕಾನುಮನೆ, ಸಿದ್ದಾಪುರ

ನಮ್ಮ ಹುಡುಗನ ಮರ ಉಪ್ಪಾಗೆ, ಹುಳಿ ಸಿಪ್ಪೆಯ ಹಣ್ಣಿನ ಕಾಡುಮರ. ಮಳೆಗಾಲದಲ್ಲಿ ಹಣ್ಣಾದಾಗ ಸಿಂಗಳೀಕ ಬರುತ್ತವೆ, ಕಪ್ಪು ಮುಖದ ಸುತ್ತ ಬೂದು ಕೇಸರ. ಸಿಂಗಳೀಕಗಳಿಗಾಗಿ 2011ರಲ್ಲಿ ಅಘನಾಶಿನಿ ಕೊಳ್ಳವನ್ನು ಸಂರಕ್ಷಿತ ಪ್ರದೇಶ ಮಾಡಿದರು. ಉಪ್ಪಾಗೆ ಸಿಪ್ಪೆಗೆ ರೇಟು ಬಂದ ಮೇಲೆ ಟೊಂಗೆ ಸಮೇತ ಕಡಿದು ಕೊಯ್ಯುವುದು ಶುರುವಾಗಿತ್ತು. ನಮ್ಮ ಮನೆಯಲ್ಲಿ ಈಗ ಬಿದ್ದ ಹಣ್ಣು ಮಾತ್ರ ನಮ್ಮದು, ಮರದ ಮೇಲಿನದು ಅವುಗಳದ್ದು. ಈ ನಿಯಮ ಮಾಡಿದ್ದು ಹುಡುಗನೇ. ಒಣಗಿಸಲು ಸಿಪ್ಪೆ ಸ್ವಲ್ಪ ಕಡಿಮೆ ಸಿಗುತ್ತದೆ, ಸಿಗಲಿ.

ತೋಟದಂಚು, ಶಿರಸಿ

ಎಲ್ಲರಿಗೂ ಮನಸಾರೆ ಧನ್ಯವಾದ. ಮರ ಹತ್ತುವವರಿಗೆ ಅಂದೇ ಬೇಡ ಎಂದು ಹೇಳಿದೆವು. ಕೆಂಪು ಕಿತ್ತಳೆ ಕೊಕ್ಕು, ಕೊಂಬಿಲ್ಲ, ನಗುವ ದನಿ. ಮಲಬಾರ್ ಬೂದು ಮಂಗಟ್ಟೆಯೇ. ಮಗಳು ಜಗಲಿಯ ಕಂಬದ ಹಿಂದೆ ಕೂತು ಎಣಿಸುತ್ತಿದ್ದಾಳೆ. ಒಂದು ಸಲಕ್ಕೆ ಹದಿನೇಳು ಹಣ್ಣು ಕೊಟ್ಟಿದ್ದು ಇದುವರೆಗಿನ ದಾಖಲೆ. ಪೊಟರೆಯ ನೇರ ಕೆಳಗೆ ಬೀಜಗಳ ಗುಡ್ಡೆ ಬಿದ್ದಿದೆ, ಅದರಲ್ಲಿ ನಮ್ಮ ತೋಟದ ಸುತ್ತ ಎಲ್ಲೂ ಇಲ್ಲದ ಬೀಜಗಳೂ ಇವೆ. ಗಂಡು ಎಲ್ಲಿಂದ ಹೊತ್ತು ತರುತ್ತದೋ.

ಮಾವನವರಿಗೆ ಎಲ್ಲ ಓದಿ ಹೇಳಿದೆ. ಬುಡದಲ್ಲಿ ಹೊಸ ಬಿರುಕಿಲ್ಲ ಎಂದು ಅವರೇ ಏಣಿ ದೂರದಲ್ಲಿಟ್ಟು ನೋಡಿ ಬಂದರು. ದನಗಳನ್ನು ಆ ಬದಿಯಿಂದ ಈಚೆ ಗೋದಲಿಗೆ ಕಟ್ಟಿದ್ದೇವೆ. ಗುಡುಗು ಕೇಳಿದರೆ ಯಾರೂ ಆ ಕಡೆ ಹೋಗುವುದಿಲ್ಲ. ಹಕ್ಕಿಗಳು ಹೊರಬಿದ್ದ ಮೇಲೆ ತುದಿಯ ಕವಲು ಮಾತ್ರ ಇಳಿಸುವುದೆಂದು ಮಾತಾಯಿತು.

ಇನ್ನು ಎರಡು ಪ್ರಶ್ನೆ. ಹಕ್ಕಿ ಹೊರಬಂತೆಂದು ಗೊತ್ತಾಗುವುದು ಹೇಗೆ? ಮತ್ತೆ ಮಗಳದ್ದು: ಅತ್ತಿ ಎಲೆಯ ಅಡಿಗೆ ಬೆಳ್ಳಿ ಬಣ್ಣದ, ಮುಖ ಕಾಣುವಷ್ಟು ಹೊಳೆಯುವ ಒಂದು ಕಾಯಿ ನೇತಾಡುತ್ತಿದೆ. ಅದೇನು?

ಕೊಟ್ಟಿಗೆ ಮಾಡು

ದನ ಈಚೆ ಕಟ್ಟಿದಿರಲ್ಲ, ನನ್ನ ತಕರಾರು ಮುಗಿಯಿತು. ತುದಿ ಇಳಿಸುವುದನ್ನು ಮಳೆ ಹಿಡಿಯುವ ಹೊತ್ತಿಗೇ ಇಟ್ಟುಕೊಳ್ಳಿ. ಅತ್ತಿ ಗೂಟ ಬದುಕುತ್ತದೆ. ತೋಳಿನ ದಪ್ಪದ ನೇರ ಕವಲು ಆರಿಸಿ, ಎದೆಯೆತ್ತರಕ್ಕೆ ಕತ್ತರಿಸಿ, ಬುಡ ಮೇಲಾಗದಂತೆ ನೋಡಿಕೊಂಡು ಹಳ್ಳದ ದಂಡೆಯಲ್ಲಿ ಹೂಳಿ. ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿ. ಎಲ್ಲವೂ ಬರುವುದಿಲ್ಲ, ನಾಲ್ಕಾರು ಹೆಚ್ಚಿಗೆ ಹಾಕಿ.

ಅರಣ್ಯ ವಿದ್ಯಾರ್ಥಿನಿ, ಶಿರಸಿ

ಹೊರಬರುವ ದಿನ ಮೆತ್ತಿದ ಗೋಡೆಯನ್ನು ಒಡೆದುಕೊಂಡೇ ಬರುತ್ತವೆ, ಪೊಟರೆ ಬಾಯಿ ಅಗಲವಾಗಿ ಕಾಣುತ್ತದೆ. ಗೋಡೆ ಒಡೆದ ತಕ್ಷಣ ಖಾಲಿ ಎಂದುಕೊಳ್ಳಬೇಡಿ. ಗಂಡು ಬಂದು ಹಣ್ಣು ಕೊಡುವುದು ಪೂರ್ತಿ ನಿಂತು, ಕೆಲವು ದಿನ ಯಾರೂ ಸುಳಿಯದಿದ್ದರೆ ಆಗ ಖಚಿತ. ಅದನ್ನು ನಿಮ್ಮ ಮಗಳಿಗಿಂತ ಚೆನ್ನಾಗಿ ಹೇಳುವವರಿಲ್ಲ, ಕವಲು ಇಳಿಸುವ ದಿನವನ್ನು ಅವಳ ಪಟ್ಟಿ ನೋಡಿಯೇ ಗೊತ್ತು ಮಾಡಿ.

ಬೆಳ್ಳಿ ಕಾಯಿ ಚಿಟ್ಟೆಯ ಕೋಶ. ಕಂದು ರೆಕ್ಕೆಯ ಅಂಚಿನಲ್ಲಿ ಬಿಳಿ ಚುಕ್ಕೆ ಸಾಲು ಇರುವ, ನಿಧಾನ ಹಾರುವ ಚಿಟ್ಟೆ ನಿಮ್ಮಲ್ಲಿ ದಂಡಿಯಾಗಿ ಇರಬೇಕಲ್ಲ, ಕಾಮನ್ ಕ್ರೋ ಅನ್ನುತ್ತಾರೆ, ಅದರದ್ದು. ಅತ್ತಿ ಎಲೆ ಅದರ ಹುಳುವಿಗೆ ಆಹಾರ. ಕೀಳಬೇಡಿ. ಹೊಳಪು ಹೋಗಿ ಕೋಶ ಕಪ್ಪಗಾಗಿ ರೆಕ್ಕೆಯ ಗುರುತು ಹೊರಗೆ ಕಾಣತೊಡಗಿದರೆ, ಮರುದಿನ ಬೆಳಿಗ್ಗೆ ಅವಳನ್ನು ಬೇಗ ಎಬ್ಬಿಸಿ.